ನಲವತ್ತೊಂದು ಪರೀಕ್ಷೆಯ ಪಿಕಪ್

ಹಳೆಯ ಗಾಡಿ ಮಾರುವ ನೆಪದಲ್ಲಿ ನನಗೆ ಟೋಪಿ ಹಾಕುವ ಗಂಡಸು ಬೀದರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಘೋಷಿಸಿದ್ದು ನಮ್ಮ ಮನೆಯ ಅಂಗಳದಲ್ಲಿ, ಹನ್ನೊಂದು ಜನ ಹೆಂಗಸರ ಎದುರಿಗೆ. ಹನ್ನೊಂದು ಜನರೂ ರೊಟ್ಟಿ ಬಡಿಯುತ್ತಿದ್ದರು. ಒಬ್ಬರ ಕೈಯೂ ನಿಲ್ಲಲಿಲ್ಲ.

"ಹುಟ್ಟಿದ್ರೂ ನಿಮಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದಳು ನನ್ನ ಹೆಂಡತಿ ಭುವನೇಶ್ವರಿ, ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತ.

ನಾನು ನಾಗನಾಥ. ಊರು ನಾರಾಯಣಪುರ. ಬಸವಕಲ್ಯಾಣದಲ್ಲಿ ತಹಶೀಲ್ ಕಚೇರಿಯ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹತ್ತೊಂಬತ್ತು ವರ್ಷಗಳಿಂದ ಈ ತಾಲೂಕಿನ ಪಹಣಿ, ಪತ್ರ, ಪಟ್ಟೆ, ಆಧಾರ, ಆರ್‌ಸಿ ಎಲ್ಲವೂ ನನ್ನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ. ಹೀಗಾಗಿ ನನಗೆ ಕಾಗದ ನೋಡಿದರೆ ಮನುಷ್ಯನ ಜಾತಕ ತಿಳಿಯುತ್ತದೆ, ಆರ್‌ಸಿ ಮೂಸಿದರೆ ಗಾಡಿಯ ಇಂಜಿನ್ ತಿಳಿಯುತ್ತದೆ ಎಂಬ ನಂಬಿಕೆ ಬೆಳೆದುಬಿಟ್ಟಿತ್ತು. ಈ ನಂಬಿಕೆ ಇದ್ದದ್ದು ನನಗೊಬ್ಬನಿಗೇ ಎನ್ನುವುದು ಬೇರೆ ಮಾತು.

ಗಾಡಿಯ ಮಾತು ಬಂದದ್ದು ರೊಟ್ಟಿಯ ಸಲುವಾಗಿ. ಭುವನೇಶ್ವರಿ ಮತ್ತು ಅವಳ ಸಂಘದ ಹೆಂಗಸರು ದಿನಕ್ಕೆ ಎಂಟುನೂರು ಜೋಳದ ಖಡಕ್ ರೊಟ್ಟಿ ಮಾಡುತ್ತಾರೆ. ಅವು ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯ ಕ್ಯಾಂಟೀನಿಗೆ ಹೋಗುತ್ತವೆ. ಒಯ್ಯುತ್ತಿದ್ದವನು ಬಾಡಿಗೆಯ ಆಟೋದವನು. ಅವನಿಗೆ ವಾರಕ್ಕೆ ಮೂರು ಮದುವೆ, ಎರಡು ಜವಳ, ಒಂದು ತಲೆನೋವು. ಹೋದ ತಿಂಗಳಲ್ಲಿ ಎರಡು ಸಲ, ಕಾರ್ಮಿಕರು ಬರೀ ಪಲ್ಯ ತಿಂದು ಕೈ ತೊಳೆದ ಮೇಲೆ ನಮ್ಮ ರೊಟ್ಟಿ ಅಲ್ಲಿಗೆ ಮುಟ್ಟಿತು. ಮೂರನೆಯ ಸಲ ಹೀಗಾದರೆ ಬೇರೆಯವರಿಗೆ ಆರ್ಡರು ಕೊಡುತ್ತೇನೆಂದು ಕ್ಯಾಂಟೀನಿನವನು ಹೇಳಿ ಕಳಿಸಿದ. ಅಂದರೆ ಹನ್ನೊಂದು ಮನೆಗಳ ಒಲೆ, ಮಕ್ಕಳ ಫೀಸು, ಔಷಧಿ ಎಲ್ಲ ಆ ಆಟೋದವನ ತಲೆನೋವಿನ ಮೇಲೆ ನಿಂತಿತ್ತು. ಸಂಘದವರು ಕೂತು ನಿರ್ಧರಿಸಿದರು: ಒಂದು ಹಳೆಯ ಪಿಕಪ್ ಗಾಡಿ ಕೊಳ್ಳುವುದು.

ಸಂಘದ ಅಧ್ಯಕ್ಷೆ ಶಕುಂತಲಾಬಾಯಿ. ವಯಸ್ಸು ಅರವತ್ತು ದಾಟಿದೆ, ನಾಲಿಗೆಗೆ ಇಪ್ಪತ್ತೈದು. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ತಮ್ಮಾ ನಾಗನಾಥ, ಗಾಡಿ ಭರೋಸದ್ದು ಇರಬೇಕು ನೋಡಪ್ಪ. ಚಂದ ಇರಬೇಕಂತಿಲ್ಲ. ಅದರ ಜೋಡಿ ನಾವೇನು ಫೋಟೋ ತೆಗಿಸ್ಕೊಳ್ಳೋದಿಲ್ಲ," ಎಂದರು.

"ಚಿಂತೀನೇ ಬ್ಯಾಡ್ರಿ. ನಾ ಇದೀನಲ್ಲ," ಎಂದೆ.

"ಅದೇ ಚಿಂತಿ," ಎಂದರು ಶಕುಂತಲಾಬಾಯಿ, ಮತ್ತೊಂದು ಹಿಟ್ಟಿನ ಉಂಡೆ ಎತ್ತಿಕೊಳ್ಳುತ್ತ.

ಭುವನೇಶ್ವರಿ, "ಮೆಕ್ಯಾನಿಕ್ ಲಾಲ್ ಅಹ್ಮದ್ ಅಣ್ಣನ ಕರಕೊಂಡು ಹೋಗೋಣ್ರಿ. ಅವರು ಸಪ್ಪಳ ಕೇಳೇ ಹೇಳ್ತಾರ," ಎಂದಳು. ನನ್ನ ಆತ್ಮಗೌರವಕ್ಕೆ ಪೆಟ್ಟು ಬಿತ್ತು. ಕಾಗದ ಓದಬಲ್ಲ ಗಂಡ ಮನೆಯಲ್ಲಿರುವಾಗ ಸಪ್ಪಳ ಕೇಳುವವರು ಏತಕ್ಕೆ?

"ಸೆಕೆಂಡ್ ಹ್ಯಾಂಡ್ ಫ್ರಿಜ್ ತಂದಾಗ್ಲೂ ಹಿಂಗೇ ಅಂದಿದ್ರಿ," ಎಂದಳು. "ಈಗ ಅದರಾಗ ಹಿಟ್ಟು ಇಡಾಕತ್ತೇನಿ."

"ನಾಲ್ಕು ವರ್ಷದಾಗ ಆ ಹಿಟ್ಟಿಗೆ ಒಂದು ಹುಳ ಬಿದ್ದದೇನು, ಹೇಳು?"

ಅವಳು ಮುಂದಿನ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನಾನು ಗೆದ್ದೆ.

ಮುಂದಿನ ಹದಿನೈದು ದಿನ ನಾನು ತಪಸ್ಸಿಗೆ ಕೂತೆ. ಅಂಗಡಿಯಲ್ಲಿ ಒಂದು ಕೈ ಝೆರಾಕ್ಸ್ ಯಂತ್ರದ ಗುಂಡಿಯ ಮೇಲೆ, ಇನ್ನೊಂದು ಕೈಯಲ್ಲಿ ಮೊಬೈಲು. ಹಳೆಯ ಗಾಡಿ ಕೊಳ್ಳುವುದು ಹೇಗೆ ಎಂದು ಹಿಂದಿಯಲ್ಲಿ ಕೂಗಿ ಹೇಳುವ ಮಹಾನುಭಾವರ ವಿಡಿಯೋಗಳನ್ನು ಒಂದೂ ಬಿಡದೆ ನೋಡಿದೆ. ಎಲ್ಲರ ಜ್ಞಾನವನ್ನೂ ಭಟ್ಟಿ ಇಳಿಸಿ ಒಂದು ಪಟ್ಟಿ ಮಾಡಿದೆ: ನಲವತ್ತೊಂದು ಪರೀಕ್ಷೆಗಳು. ಅದಕ್ಕೆ ಬೇಕಾದ ಆಯುಧಗಳನ್ನೂ ಜೋಡಿಸಿಕೊಂಡೆ. ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದರೆ ಹಿಡಿಯಲು ಒಂದು ಅಯಸ್ಕಾಂತ. ಗಾಡಿಯ ಹೊಟ್ಟೆ ನೋಡಲು ಟಾರ್ಚು. ಸೈಲೆನ್ಸರಿನ ಹೊಗೆ ಅಳೆಯಲು ಒಂದು ಬಿಳಿ ಕರವಸ್ತ್ರ. ಇಂಜಿನ್ ಎಷ್ಟು ನಡುಗುತ್ತದೆಂದು ತಿಳಿಯಲು ನೀರು ತುಂಬಿದ ಸ್ಟೀಲ್ ಲೋಟ. ಇಷ್ಟೆಲ್ಲ ಚೀಲದಲ್ಲಿ ಹಾಕಿಕೊಂಡು ಒಂದು ದಿನ ಮುಂಜಾನೆ ಭುವನೇಶ್ವರಿಯನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹುಮನಾಬಾದಿಗೆ ಹೊರಟೆ. ಸೂರ್ಯ ಆಗಷ್ಟೇ ಏರುತ್ತಿದ್ದ. ಯುದ್ಧಕ್ಕೆ ಹೋಗುವವರು ಹೊರಡುವುದು ಅದೇ ಹೊತ್ತಿಗೆ.

ಹೆದ್ದಾರಿಯ ಪಕ್ಕದ ಬಯಲಿನಲ್ಲಿ ನದೀಮ್ ಎಂಬುವನು ಹಳೆಯ ಗಾಡಿ ಮಾರುತ್ತಾನೆ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಕುರ್ತಾ, ಗಮಗಮ ಅತ್ತರು.

"ಬರ್ರಿ ಸಾಬ್, ಬರ್ರಿ ಭಾಭಿ. ಚಾ ಕುಡೀತೀರೋ, ಮೊದಲ ಗಾಡಿ ನೋಡ್ತೀರೋ?"

"ಮೊದಲ ಪರೀಕ್ಷೆ," ಎಂದು ನಾನು ಪಟ್ಟಿ ತೆಗೆದೆ. ನದೀಮ್ ಆ ಪಟ್ಟಿಯ ಉದ್ದ ನೋಡಿ ತನಗೊಬ್ಬನಿಗೇ ಚಹಾ ಹೇಳಿದ.

ಅಲ್ಲಿ ಆರು ಪಿಕಪ್‌ಗಳಿದ್ದವು. ಐದನ್ನು ನಾನು ನಿಂತ ನಿಲುವಿನಲ್ಲೇ ತಿರಸ್ಕರಿಸಿದೆ. ಒಂದರ ಎರಡು ಬಾಗಿಲುಗಳು ಎರಡು ಬಣ್ಣ. ಒಂದರ ಆರ್‌ಸಿಯಲ್ಲಿ ನಾಲ್ಕು ಮಾಲೀಕರು. ಇನ್ನೊಂದರ ಬಾಗಿಲು ತೆರೆದರೆ ಒಳಗಿಂದ ಕೋಳಿ ಹಾರಿ ಬಂತು, ಸೀಟಿನ ಮೇಲೆ ಮೂರು ತತ್ತಿ ಇದ್ದವು. ಇದು ಬಹಳ ದಿನದಿಂದ ಓಡಿಲ್ಲ ಎಂದು ನಾನು ಗಂಭೀರವಾಗಿ ತೀರ್ಪು ಕೊಟ್ಟೆ. ಆ ದಿನ ನಾನು ಕೊಟ್ಟ ತೀರ್ಪುಗಳಲ್ಲಿ ಸರಿಯಾಗಿದ್ದುದು ಅದೊಂದೇ.

ಆರನೆಯದು ಬೆಳ್ಳಗೆ ಹಾಲಿನ ಹಾಗೆ ಹೊಳೆಯುತ್ತಿತ್ತು. ನನ್ನ ಕಣ್ಣು ಅಲ್ಲಿಯೇ ಅಂಟಿತು.

"ಒಳ್ಳೇದಕ್ಕ ಕೈ ಹಾಕಿದ್ರಿ ಸಾಬ್," ಎಂದ ನದೀಮ್. "ಹೆಡ್ಮಾಸ್ಟರ್ ಗಾಡಿ. ಐತವಾರಕ್ಕೊಮ್ಮೆ ಹೊರಗ ತೆಗೀತಿದ್ರು. ಗುಡಿಗೆ ಹೋಗಿ ಬರಾಕ, ಅಷ್ಟೇ."

"ಹೆಡ್ಮಾಸ್ಟರಿಗೆ ಪಿಕಪ್ ಯಾಕ ಬೇಕಿತ್ತ್ರಿ?" ಎಂದಳು ಭುವನೇಶ್ವರಿ.

ನದೀಮ್ ಕ್ಷಣ ಯೋಚಿಸಿ, "ಮನಿ ಮಂದಿ ಜಾಸ್ತಿ, ಭಾಭಿ," ಎಂದ.

ನಾನು ಹೆಂಡತಿಗೆ ಕಣ್ಣಿನಲ್ಲೇ ಗದರಿಸಿದೆ. ಪರೀಕ್ಷೆಯ ನಡುವೆ ಯಾರೂ ಮಾತಾಡಬಾರದು ಎಂದು ಮೊದಲೇ ಹೇಳಿದ್ದೆ. ಆರ್‌ಸಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಬ್ಬನೇ ಮಾಲೀಕ, ಹೆಸರು ದತ್ತಾತ್ರಿ, ಊರು ದುಬಲಗುಂಡಿ. ಕಾಗದ ಅಂದರೆ ಇದು! ಒಂದು ಗೀರಿಲ್ಲ, ಒಂದು ತಿದ್ದುಪಡಿಯಿಲ್ಲ. ಮೊದಲ ಪರೀಕ್ಷೆ ಪಾಸು.

ಅಯಸ್ಕಾಂತ ಗಾಡಿಯ ಮೈಗೆಲ್ಲ ಅಂಟಿತು. ಪಾಸು. ಆದರೆ ಬಾನೆಟ್ ಎತ್ತಿ ಒಳಗೆ ಹಿಡಿದಾಗ ಅದು ನನ್ನ ಕೈಯಿಂದ ಜಿಗಿದು ಇಂಜಿನ್ನಿನ ಆಳದಲ್ಲೆಲ್ಲೋ ಠಕ್ಕೆಂದು ಕೂತುಬಿಟ್ಟಿತು. ನಾನು, ನದೀಮ್, ಒಂದು ಸ್ಕ್ರೂಡ್ರೈವರ್, ಒಂದು ತಂತಿ ಎಲ್ಲ ಸೇರಿ ಇಣುಕಿದರೂ ಅದು ಬರಲಿಲ್ಲ.

"ಇರ್ಲಿ ಸಾಬ್," ಎಂದ ನದೀಮ್. "ಇಂಜಿನ್ನಿಗೆ ತಾಯಿತ ಕಟ್ಟಿದಂಗ ಆತು."

ಇಂಜಿನ್ ಚಾಲೂ ಮಾಡಿಸಿ ಬಾನೆಟ್ಟಿನ ಮೇಲೆ ನೀರಿನ ಲೋಟ ಇಟ್ಟೆ. ಒಂದು ಹನಿ ಚೆಲ್ಲಲಿಲ್ಲ. ಪಾಸು. ಆ ನೀರನ್ನು ನದೀಮ್ ಕುಡಿದ. ಆಮೇಲೆ ಕರವಸ್ತ್ರ. ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಸೈಲೆನ್ಸರಿನ ಪಕ್ಕಕ್ಕೆ ಅದನ್ನು ಬಿಡಿಸಿ ಹಿಡಿದು, "ಒತ್ತ್ರಿ ಎಕ್ಸಿಲೇಟರ್!" ಎಂದು ಕೂಗಿದೆ. ಎರಡು ತಿಂಗಳು ನಿಂತಿದ್ದ ಗಾಡಿ ಒಮ್ಮೆ ಭರ್ರೆಂದು ಕೆಮ್ಮಿತು. ಕಣ್ಣು ತೆರೆದು ನೋಡಿದರೆ ಕರವಸ್ತ್ರ ಬೆಳ್ಳಗೇ ಇತ್ತು. ಪಾಸು ಎಂದು ಬರೆದುಕೊಂಡೆ. ಹಾಗಾದರೆ ಹೊಗೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಭುವನೇಶ್ವರಿ ನನ್ನ ಮುಖ ನೋಡಿ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ನದೀಮ್ ಆಕಾಶದಲ್ಲಿ ಏನನ್ನೋ ನೋಡತೊಡಗಿದ.

ಹೀಗೆ ನಾನು ಒಂದರ ಮೇಲೊಂದು ಪರೀಕ್ಷೆ ನಡೆಸುತ್ತಿದ್ದಾಗ ಭುವನೇಶ್ವರಿ ಡ್ರೈವರ್ ಸೀಟಿನ ಮುಂದೆ ಬಗ್ಗಿ ಏನನ್ನೋ ಮುಟ್ಟಿ ನೋಡುತ್ತಿದ್ದಳು.

"ನದೀಮ್ ಭಾಯ್, ಬ್ರೇಕ್ ಪೆಡಲಿನ ರಬ್ಬರು ಪೂರಾ ಸವದು ನುಣ್ಣಗಾಗ್ಯಾದ," ಎಂದಳು. "ಐತವಾರಕ್ಕೊಮ್ಮೆ ಗುಡಿಗೆ ಹೋಗಾಕ ಹೆಡ್ಮಾಸ್ಟರು ಎಷ್ಟು ಬ್ರೇಕ್ ಹಾಕ್ತಿದ್ರು?"

"ಚಾ ಬಂತೇನು ನೋಡ್ತೀನಿ," ಎಂದು ನದೀಮ್ ಎದ್ದು ಹೋದ.

ಮರಳಿ ಬಂದವನು, ದುಬಲಗುಂಡಿಯವರೆಗೆ ಹೋಗಿ ಬನ್ನಿ ಎಂದು ಚಾವಿ ಕೊಟ್ಟ. ಭದ್ರತೆಗೆ ನನ್ನ ಬೈಕು ಅವನಲ್ಲಿ ಉಳಿಯಿತು. ನನ್ನ ಬಳಿ ಇಪ್ಪತ್ತೆರಡು ವರ್ಷ ಹಳೆಯ ಡ್ರೈವಿಂಗ್ ಲೈಸನ್ಸ್ ಇದೆ. ಅವಧಿ ಮುಗಿದಾಗಲೆಲ್ಲ ನವೀಕರಿಸಿದ್ದೇನೆ, ಮೇಲೊಂದು ಪ್ಲಾಸ್ಟಿಕ್ ಕವಚ ಹಾಕಿದ್ದೇನೆ. ಇಷ್ಟು ಚೆನ್ನಾಗಿ ಕಾಪಾಡಿದ ಲೈಸನ್ಸ್ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ. ಈ ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಚಕ್ರದ ಗಾಡಿ ಓಡಿಸಿದ್ದು ಎಷ್ಟು ಸಲ ಎಂಬುದು ಲೈಸನ್ಸಿನಲ್ಲಿ ಬರೆದಿರುವುದಿಲ್ಲ, ಅದೊಂದು ಪುಣ್ಯ.

ಬಯಲಿನ ಗೇಟು ದಾಟುವಷ್ಟರಲ್ಲಿ ಗಾಡಿ ಮೂರು ಸಲ ಗಕ್ಕೆಂದು ನಿಂತಿತು.

"ಬರಕೋ," ಎಂದೆ ಹೆಂಡತಿಗೆ. "ದೋಷ ಒಂದು, ಕ್ಲಚ್. ಚೌಕಾಶಿ ಮಾಡಾಕ ಬೇಕಾಗ್ತದ."

ಅವಳು ಬರೆದುಕೊಂಡಳು. ಗೇರು ಹಾಕಿದರೆ ಕರಕರ ಸದ್ದು: ದೋಷ ಎರಡು. ಗಾಡಿ ಎಡಕ್ಕೆ ಎಳೆಯುತ್ತದೆ: ಮೂರು. ಬಲಕ್ಕೂ ಎಳೆಯುತ್ತದೆ: ನಾಲ್ಕು. ಎಷ್ಟು ಒತ್ತಿದರೂ ವೇಗ ಏರುತ್ತಿಲ್ಲ, ಇಂಜಿನ್ನಿನಲ್ಲಿ ದಮ್ಮಿಲ್ಲ: ಹನ್ನೊಂದು. ಅಷ್ಟರಲ್ಲಿ ಏನೋ ಸುಟ್ಟ ವಾಸನೆ ಬರತೊಡಗಿತು.

"ಹನ್ನೆರಡು, ಸುಟ್ಟ ವಾಸನಿ," ಎಂದೆ.

ಭುವನೇಶ್ವರಿ ಅದನ್ನು ಬರೆದು ಪೆನ್ನು ಪಕ್ಕಕ್ಕಿಟ್ಟು, ನನ್ನ ಎಡಮಗ್ಗುಲಿನಲ್ಲಿದ್ದ ಹ್ಯಾಂಡ್‌ಬ್ರೇಕನ್ನು ಸದ್ದಿಲ್ಲದೆ ಕೆಳಗಿಳಿಸಿದಳಂತೆ. ಇದು ನನಗೆ ಆಮೇಲೆ ಗೊತ್ತಾದ ಸಂಗತಿ. ಆಗ ಗೊತ್ತಾಗಿದ್ದು ಇಷ್ಟೇ, ಗಾಡಿ ಏಕಾಏಕಿ ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಓಡತೊಡಗಿತು.

"ನೋಡಿದ್ಯಾ, ನನ್ನ ಕೈ ಕುದುರಿತು," ಎಂದೆ.

"ಹೌದ್ರಿ," ಎಂದಳು, ಕಿಟಕಿಯಾಚೆಗಿನ ತೊಗರಿ ಹೊಲ ನೋಡುತ್ತ.

ದುಬಲಗುಂಡಿಯ ಬಸ್ ನಿಲ್ದಾಣದ ಹತ್ತಿರ ಒಂದು ಎಮ್ಮೆ ರಸ್ತೆಯ ನಟ್ಟನಡುವೆ ನಿಂತು ನನ್ನನ್ನೇ ಪರೀಕ್ಷಿಸುತ್ತಿತ್ತು. ನಾನು ಹಾರನ್ ಒತ್ತಿದೆ. ಸಾಧಾರಣ ಹಾರನ್ ಅಲ್ಲ ಅದು. ಪೀಪೀ ಪೋಂ ಪೀಪೀ ಎಂದು ಒಂದು ರಾಗವನ್ನೇ ನುಡಿಸಿತು. ಎಮ್ಮೆ ಕದಲಲಿಲ್ಲ. ಆದರೆ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲ ಒಮ್ಮೆಲೇ ಎದ್ದರು. ನಾನು ನೋಡನೋಡುತ್ತಿದ್ದಂತೆ ಹಿಂದಿನ ಹಲಗೆ ಧಡಾರನೆ ಬಿತ್ತು, ಜನ ಹತ್ತಿದರು, ಚೀಲಗಳು ಹತ್ತಿದವು, ಎರಡು ಆಡುಗಳೂ ಹತ್ತಿದವು. ತಳ್ಳಾಟವಿಲ್ಲ, ಗಡಿಬಿಡಿಯಿಲ್ಲ. ಯಾರು ಎಲ್ಲಿ ಕೂರಬೇಕೆಂಬುದು ಮೊದಲೇ ಗೊತ್ತಿದ್ದವರ ಹಾಗೆ ಹದಿನಾಲ್ಕು ಜನ ತಮ್ಮ ತಮ್ಮ ಜಾಗದಲ್ಲಿ ಕೂತುಬಿಟ್ಟರು.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇಳೀರಿ, ಇಳೀರಿ. ಇದು ಪರೀಕ್ಷೆ ಗಾಡಿ!" ಎಂದು ಕೂಗಿದೆ.

"ಹೌದ್ರಿ ಕಾಕಾ, ನಮ್ಮದೂ ಪರೀಕ್ಷೆನೇ ಅದ. ಹತ್ತೂವರೆಗೆ," ಎಂದಳು ಹಿಂದೆ ಕೂತ ಒಬ್ಬ ಹುಡುಗಿ. ಅವಳ ಹೆಸರು ದೀಪಾಲಿ, ಪಕ್ಕದಲ್ಲಿ ಗೆಳತಿ, ಇಬ್ಬರ ಕೈಯಲ್ಲೂ ಹಾಲ್ ಟಿಕೆಟ್. "ಇವತ್ತು ಬಸ್ಸೇ ಬಂದಿಲ್ರಿ."

ಹೆಗಲ ಮೇಲೆ ಕಂಬಳಿ ಹೊದ್ದ ಮುದುಕರೊಬ್ಬರು ಕೋಲೂರಿ ಮುಂದಕ್ಕೆ ಬಗ್ಗಿದರು. ಅವರು ಅಮೋಘಸಿದ್ದಪ್ಪ, ಆ ಊರಿನ ಕುರಿಗಾರರು. "ದತ್ತಾತ್ರಿ ಗಾಡಿ ಮಾರ್ಯಾನ ಅಂತ ಕೇಳಿದ್ದೆ. ನೀವು ತಗೊಂಡ್ರೇನು? ಲೈನ್ ಚಾಲೂ ಇಟ್ಟಿದ್ದು ಭಾಳ ಚಲೋ ಆತು ನೋಡ್ರಿ."

"ಇದು ದತ್ತಾತ್ರಿ ಗಾಡಿ ಅಂತ ಹ್ಯಾಂಗ ಗೊತ್ತಾತು?" ಎಂದು ಕೇಳಿದಳು ಭುವನೇಶ್ವರಿ.

ಉತ್ತರ ಕೊಟ್ಟವಳು ಆಡುಗಳ ಒಡತಿ ಅಂಬುಬಾಯಿ. "ಬಣ್ಣ ಹಚ್ಯಾರ, ಮೊದಲ ಹಸಿರಿತ್ತು. ಹಾರನ್ ಅದೇ ಅದಲ್ಲ. ಆರು ವರ್ಷ ಕೇಳೀವಿ." ಆಮೇಲೆ ನನ್ನನ್ನು ನೋಡಿ ಗಾಬರಿಯಾದಳು. "ಯಪ್ಪಾ, ನಿಮ್ಮ ಮಾರಿ ಯಾಕ ಹಿಂಗ ಕರ್ರಗಾಗ್ಯಾದ?"

ಕನ್ನಡಿಯಲ್ಲಿ ನೋಡಿಕೊಂಡೆ. ಎರಡು ಕಣ್ಣು, ಒಂದು ಸಾಲು ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಮಸಿ. ಸೈಲೆನ್ಸರಿನ ಹೊಗೆ ಎಲ್ಲಿಗೆ ಹೋಗಿತ್ತೆಂಬುದು ಈಗ ಇತ್ಯರ್ಥವಾಯಿತು.

"ನೀ ಯಾಕ ಹೇಳಲಿಲ್ಲ?"

"ಪರೀಕ್ಷೆ ನಡುವ ಮಾತಾಡಬಾರ್ದು ಅಂದಿದ್ರಲ್ಲ," ಎಂದಳು ನನ್ನ ಆಜ್ಞಾಧಾರಕಿ.

ಇಳಿಸುವುದು ಹೇಗೆ? ಇಬ್ಬರು ಹುಡುಗಿಯರ ಪರೀಕ್ಷೆ, ಒಬ್ಬರ ದವಾಖಾನೆ, ಅಂಬುಬಾಯಿಯ ಸಂತೆ. ಕರವಸ್ತ್ರದಿಂದ ಮುಖ ಒರೆಸಿಕೊಂಡು ಗಾಡಿ ತಿರುಗಿಸಿದೆ. ತಿರುಗಿಸುವುದಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ಎಮ್ಮೆ ಸರಿದು ದಾರಿ ಬಿಟ್ಟದ್ದು ಆಗಲೇ, ಪ್ರಾಣದ ಮೇಲಿನ ಆಸೆಯಿಂದ.

ಊರು ಬಿಟ್ಟು ಸ್ವಲ್ಪ ದೂರದಲ್ಲಿ ಒಂದು ಏರು ಸಿಗುತ್ತದೆ. ಅರ್ಧ ಏರಿದ ಗಾಡಿ ಗಕ್ಕೆಂದು ನಿಂತಿತು. ಮತ್ತೆ ಚಾಲೂ ಮಾಡಿದೆ; ಎರಡು ಸಲ ಕುಪ್ಪಳಿಸಿ ನಿಂತಿತು. ಮೂರನೆಯ ಸಲ ಹಿಂದಕ್ಕೇ ಉರುಳಿತು. ಆಡುಗಳು ಅರಚಿದವು, ಹದಿನಾಲ್ಕು ಜನ ಒಬ್ಬರ ಮೇಲೊಬ್ಬರು ಬಂದರು. ಅಷ್ಟರಲ್ಲಿ ಹ್ಯಾಂಡ್‌ಬ್ರೇಕ್ ತಾನಾಗಿಯೇ ಮೇಲಕ್ಕೆದ್ದು ಗಾಡಿ ನಿಂತಿತು. ಅದೂ ಭುವನೇಶ್ವರಿಯದೇ ಕೈವಾಡ.

ನಾನು ಇಳಿದು, ಪಟ್ಟಿ ಹಿಡಿದು, ಗಾಡಿಯ ಹಿಂದೆ ನಿಂತು ಜನತೆಯನ್ನುದ್ದೇಶಿಸಿ ಭಾಷಣ ಮಾಡಿದೆ. "ನೋಡ್ರಿ, ನಾ ಶಾಸ್ತ್ರಬದ್ಧವಾಗಿ ಪರೀಕ್ಷೆ ಮಾಡೀನಿ. ಈ ಗಾಡ್ಯಾಗ ಹದಿನೇಳು ದೋಷ ಅವ. ಇದು ಭರೋಸದ ಗಾಡಿ ಅಲ್ಲ. ನಾ ಇದನ್ನ ತಗೊಳ್ಳೋದಿಲ್ಲ."

ಹದಿನಾಲ್ಕು ಜನರೂ ಒಟ್ಟಿಗೇ ನನ್ನ ಮೇಲೆ ಬಿದ್ದರು. ಅವರ ಮನೆಮಗನನ್ನು ನಾನು ಕಳ್ಳ ಅಂದಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

"ಏನಂದ್ರಿ?" ಎಂದರು ಅಮೋಘಸಿದ್ದಪ್ಪ. "ಆರು ವರ್ಷ ಓಡ್ಯಾಡೀನಿ ಈ ಗಾಡ್ಯಾಗ. ಮಳಿಗಾಲದಾಗ ಹಳ್ಳ ಏರಿದಾಗ ಬಸ್ಸು ಬರಲಿಲ್ಲ, ಇದು ಬಂತು. ಈ ಏರಿನಾಗ ಮೂವತ್ತು ಚೀಲ ಜೋಳ ಹೇರಿಕೊಂಡು ಹೋಗ್ಯಾದ. ಒಂದು ದಿನ ನಿಂತಿದ್ದು ನೋಡಿಲ್ಲ."

"ಒಮ್ಮೆ ನಿಂತಿತ್ತು, ಕಾಕಾ," ಎಂದಳು ಅಂಬುಬಾಯಿ. "ನನ್ನ ಆಡು ಗಾಡ್ಯಾಗೇ ಮರಿ ಹಾಕಿತ್ತು. ಅವಾಗ ದತ್ತಾತ್ರಿ ತಾನಾಗೇ ನಿಲ್ಲಿಸಿದ. ಆ ಮರಿ ಇದೇ ನೋಡ್ರಿ." ಎಂದು ಒಂದು ಆಡಿನ ಕಿವಿ ಹಿಡಿದು ತೋರಿಸಿದಳು. ಆಡು ನನ್ನತ್ತ ನೋಡಿ ಸಾಕ್ಷಿ ಹೇಳಿತು.

"ಇಷ್ಟು ಚಲೋ ಗಾಡಿ ದತ್ತಾತ್ರಿ ಯಾಕ ಮಾರಿದ್ರಿ?" ಎಂದು ಭುವನೇಶ್ವರಿ ನನ್ನ ಕಡೆಯ ಬಾಗಿಲಿನಿಂದ ಇಳಿದು ಬಂದು ಕೇಳಿದಳು.

"ಸೋತದ್ದು ಅವನ ಬೆನ್ನು, ತಂಗಿ. ಗಾಡಿ ಅಲ್ಲ. ಡಾಕ್ಟರು ಡ್ರೈವಿಂಗ್ ಬ್ಯಾಡ ಅಂದ್ರು. ಈಗ ಮಗಳ ಊರಾಗ ಕಿರಾಣಿ ಅಂಗಡಿ ಹಾಕ್ಯಾನ."

ಅವಳು ನನ್ನ ಕೈಯಿಂದ ಪಟ್ಟಿ ಇಸಿದುಕೊಂಡು, ಹಾಳೆಯನ್ನು ತಿರುವಿ ಹಿಂದಿನ ಖಾಲಿ ಮಗ್ಗುಲಿನಲ್ಲಿ ಬರೆಯತೊಡಗಿದಳು. ಕ್ಲಚ್ ಪ್ಲೇಟ್ ಯಾವಾಗ ಹಾಕಿಸಿದ್ದು? ಹೋದ ದೀಪಾವಳಿಗೆ. ಟೈರು? ಹಿಂದಿನವು ಎರಡೂ ಹೊಸವು. ಇಂಜಿನ್ ಬಿಚ್ಚಿದ್ದರೇನು? ಒಮ್ಮೆಯೂ ಇಲ್ಲ. ತ್ರಾಸು ಏನಾದರೂ? ಇದೆ: ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಮಳೆ ಬಂದರೆ ಒಂದೇ ವೈಪರ್ ಓಡುತ್ತದೆ. ಮುಗಿಯಿತು. ಪಟ್ಟಿ ಮರಳಿ ನನ್ನ ಕೈಗೆ ಬಂತು. ಹದಿನೈದು ದಿನದ ನನ್ನ ತಪಸ್ಸಿಗೆ ಸಿಗದ ಗಾಡಿಯ ಜಾತಕ ಅವಳಿಗೆ ನಾಲ್ಕು ನಿಮಿಷದಲ್ಲಿ, ಅದನ್ನು ಕಣ್ಣಾರೆ ಕಂಡವರ ಬಾಯಿಂದ ಸಿಕ್ಕಿತು.

"ಹಂಗಾದ್ರ ಈಗ್ಯಾಕ ನಿಂತದ?" ಎಂದೆ ನಾನು, ಸೋಲೊಪ್ಪದೆ.

ಜನರೆಲ್ಲ ತೊಗರಿ ಹೊಲದತ್ತ ಮುಖ ತಿರುಗಿಸಿದರು. ಎಲ್ಲರೂ ಮರ್ಯಾದಸ್ಥರು. ಅಮೋಘಸಿದ್ದಪ್ಪ ಮಾತ್ರ ಕೆಮ್ಮಿ, "ಡ್ರೈವರ್ ಬದಲಾಗ್ಯಾರಲ್ರಿ," ಎಂದರು.

ದೀಪಾಲಿ ಹಾಲ್ ಟಿಕೆಟ್ ಎದೆಗೊತ್ತಿಕೊಂಡು ಮುಂದೆ ಬಗ್ಗಿದಳು. "ಕಾಕಾ, ಹತ್ತಾತ್ರಿ. ಗೇಟ್ ಹಾಕಿದ್ರ ಒಳಗ ಬಿಡೋದಿಲ್ರಿ. ಒಂದು ವರ್ಷ ಹೋಗ್ತದ."

ಓಡಿ ಹೋಗಿ ಡ್ರೈವರ್ ಬಾಗಿಲು ತೆರೆದರೆ ಸೀಟಿನಲ್ಲಿ ಭುವನೇಶ್ವರಿ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಗಿಸಿದ್ದಳು. ಕನ್ನಡಿಯನ್ನು ತನ್ನ ಅಳತೆಗೆ ಸರಿಮಾಡಿಕೊಳ್ಳುತ್ತಿದ್ದಳು.

"ಏ, ಅಲ್ಲಿ ಏನ್ ಮಾಡಾಕತ್ತಿ?"

"ಹಿಂದ ಹತ್ತ್ರಿ. ಏರಿನಾಗ ಮತ್ತ ನಿಲ್ಲಿಸಾಕ ಆಗೋದಿಲ್ಲ," ಎಂದು ಬಾಗಿಲು ಹಾಕಿಕೊಂಡಳು.

ಗಾಡಿ ಒಂದು ಸಣ್ಣ ಕುಲುಕೂ ಇಲ್ಲದೆ, ಎಣ್ಣೆಯ ಮೇಲೆ ಜಾರುವ ಹಾಗೆ ಏರಿಗೆ ಹೊರಟಿತು. ನಾನು ಅದರ ಹಿಂದೆ ಓಡಿದೆ. ಅಮೋಘಸಿದ್ದಪ್ಪನವರು ಕೋಲು ಚಾಚಿದರು, ಅಂಬುಬಾಯಿ ಅಂಗಿಯ ಕಾಲರು ಹಿಡಿದಳು, ಇಬ್ಬರೂ ಸೇರಿ ನನ್ನನ್ನು ಮೇಲಕ್ಕೆಳೆದುಕೊಂಡರು. ಸಿಕ್ಕ ಜಾಗ ಎರಡು ಆಡುಗಳ ನಡುವೆ.

ಕ್ಯಾಬಿನ್ನಿನ ಹಿಂದಿನ ಸಣ್ಣ ಕಿಟಕಿಗೆ ಬಾಯಿ ಇಟ್ಟು ಕೇಳಿದೆ, "ನೀ ಯಾವಾಗ ಗಾಡಿ ಕಲಿತಿ?"

"ಜೋಳ ಬೀಸಿಸಾಕ ಕಲ್ಯಾಣಕ್ಕ ಹೋಗ್ತಿದ್ನಲ್ರಿ, ಅವಾಗ."

ಎರಡು ತಿಂಗಳಿಂದ ಆ ಗಿರಣಿಯಲ್ಲಿ ಪಾಳಿ ಯಾಕೆ ಅಷ್ಟು ತಡವಾಗುತ್ತದೆ ಎಂದು ನಾನೂ ಯೋಚಿಸಿದ್ದುಂಟು. "ಡ್ರೈವಿಂಗ್ ಸ್ಕೂಲಿಗೆ ಹೋದ್ಯಾ? ಯಾರು ಹೇಳಿದ್ರು?"

"ಗಾಡಿ ಮಾತು ನಮ್ಮೊಳಗ ಮೊದಲಿಂದ ಇತ್ತು. ಸಂಘದವರು ಎಲ್ಲಾರೂ ಕೂಡಿ ಹೇಳಿದ್ರು. ಗಾಡಿ ತಗೊಂಡು ಮತ್ತ ಬ್ಯಾರೆ ಡ್ರೈವರಿನ ತಲಿನೋವಿಗೆ ಕಾಯೋದು ಬ್ಯಾಡ ಅಂತ."

"ಲೈಸನ್ಸ್?"

"ಹೋದ ತಿಂಗಳೇ ಬಂತು. ಸಂಘದ ಕಾಗದ ಅಂತ ಎರಡು ಝೆರಾಕ್ಸ್ ಮಾಡಿಕೊಟ್ರಲ್ಲ, ಅದೇ."

ನೆನಪಾಯಿತು. ಫೋಟೋ ಕಪ್ಪಾಗಿ ಬಂತೆಂದು ಯಂತ್ರಕ್ಕೆ ಬೈದು ಇನ್ನೊಂದು ಪ್ರತಿ ತೆಗೆದುಕೊಟ್ಟಿದ್ದೆ. ಆ ಫೋಟೋ ಯಾರದೆಂದು ನೋಡಿರಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತೇನು?" ಎಂದೆ, ದನಿಯನ್ನು ಆದಷ್ಟು ದೀನವಾಗಿಸಿ.

"ಹೇಳಿದ್ರ ನಾನೇ ಕಲಿಸ್ತೀನಿ ಅಂತಿದ್ರಿ."

ಗಾಡಿಯ ತುಂಬ ನಗೆ ಎದ್ದಿತು. ಅಷ್ಟು ಹೊತ್ತು ಮುಖ ಬಾಡಿಸಿಕೊಂಡಿದ್ದ ದೀಪಾಲಿಯೂ ನಕ್ಕಳು. ನಿಜ ಹೇಳಬೇಕೆಂದರೆ, ಸ್ವಲ್ಪ ಹೊತ್ತಿನ ಮೇಲೆ ನನಗೂ ನಗು ಬಂತು. ತೊಗರಿಯ ಹೊಲಗಳ ನಡುವೆ ಗಾಳಿ ಸೀಳಿಕೊಂಡು ಗಾಡಿ ಓಡುತ್ತಿತ್ತು, ಮುಂದೆ ನನ್ನ ಹೆಂಡತಿಯ ಎರಡು ಕೈಗಳು ಸ್ಟೇರಿಂಗಿನ ಮೇಲೆ ರೊಟ್ಟಿ ತಟ್ಟುವಷ್ಟೇ ಸಲೀಸಾಗಿ ಆಡುತ್ತಿದ್ದವು. ಮದುವೆಯಾಗಿ ಹದಿನೆಂಟು ವರ್ಷವಾದರೂ ಅವಳನ್ನು ಹಿಂದಿನಿಂದ ಅಷ್ಟು ಹೊತ್ತು ನೋಡುತ್ತ ಕೂತದ್ದು ಅದೇ ಮೊದಲು. ಎಡಗಡೆಯ ಆಡು ನನ್ನ ನಲವತ್ತೊಂದು ಪರೀಕ್ಷೆಯ ಪಟ್ಟಿ ತಿನ್ನುತ್ತಿರುವುದು ಕಂಡರೂ ನಾನು ಬಿಡಿಸಿಕೊಳ್ಳಲಿಲ್ಲ.

ಹತ್ತು ಇಪ್ಪತ್ತೈದಕ್ಕೆ ಕಾಲೇಜಿನ ಗೇಟು. ಹುಡುಗಿಯರು ಜಿಗಿದು ಓಡಿದರು. ದೀಪಾಲಿ ಅರ್ಧ ದಾರಿಯಿಂದ ಮರಳಿ ಬಂದು ಕಿಟಕಿಯೊಳಗೆ ಕೈ ಹಾಕಿ ಭುವನೇಶ್ವರಿಯ ಕೈ ಹಿಸುಕಿ ಮತ್ತೆ ಓಡಿದಳು.

ಉಳಿದವರೊಂದಿಗೆ ಗಾಡಿ ಬಯಲಿಗೆ ಬಂತು. ಭುವನೇಶ್ವರಿ ಎರಡು ಲಾರಿಗಳ ನಡುವಿನ ಕಿರಿದಾದ ಜಾಗದಲ್ಲಿ ಅದನ್ನು ರಿವರ್ಸಿನಲ್ಲಿ ತಂದು ನಿಲ್ಲಿಸಿದಳು. ನದೀಮ್‌ನ ಕೈಯಲ್ಲಿದ್ದ ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತ್ತು.

"ನದೀಮ್ ಭಾಯ್," ಎಂದಳು ಇಳಿಯುತ್ತ, "ನಿಮ್ಮ ಹೆಡ್ಮಾಸ್ಟರ್ ಮನಿ ಮಂದಿನ್ನೆಲ್ಲ ಕರಕೊಂಡು ಬಂದೀನಿ. ಖರೇನೇ ಭಾಳ ಮಂದಿ ಇದಾರ."

ಆಡುಗಳೊಂದಿಗೆ ಇಳಿಯುತ್ತಿದ್ದ ಅಷ್ಟೂ ಜನರನ್ನು ನೋಡಿ ನದೀಮ್ ತಲೆ ಕೆರೆದುಕೊಂಡ. "ಏನ್ ಮಾಡ್ಲಿ ಭಾಭಿ. ದಿನಾ ದುಡದ ಗಾಡಿ ಅಂತ ಖರೇ ಹೇಳಿದ್ರ ಯಾರೂ ಹತ್ರ ಬರೋದಿಲ್ಲ. ನಿಂತಿದ್ದ ಗಾಡಿ ಅಂದ್ರ ಮುತ್ತಿಕೊಳ್ತಾರ."

"ನಮಗ ದಿನಾ ದುಡದದ್ದೇ ಬೇಕು," ಎಂದಳು ಭುವನೇಶ್ವರಿ. "ಬಾಗಿಲು, ವೈಪರ್ ರಿಪೇರಿ ಮಾಡಿಸಿಕೊಡ್ರಿ. ಹೆಡ್ಮಾಸ್ಟರ್ ಹೆಸರಿನ್ಯಾಗ ಹೆಚ್ಚಿಗಿ ಹೇಳಿದ ರೇಟು ಇಳಿಸ್ರಿ."

ಅವನು ಇಳಿಸಿದ. ಸಾಕ್ಷಿಗೆ ಹನ್ನೆರಡು ಜನ ನಿಂತಿದ್ದಾಗ ಇಳಿಸದೆ ಏನು ಮಾಡಿಯಾನು?

ಗಾಡಿ ನಾರಾಯಣಪುರಕ್ಕೆ ಬಂದ ದಿನ ಶಕುಂತಲಾಬಾಯಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಬಾನೆಟ್ಟಿನ ಮೇಲೆ ಕೈಯಾಡಿಸಿ, "ಯಾರು ಆರಿಸಿದ್ರವ್ವ ಇಷ್ಟು ಚಲೋ ಗಾಡಿ?" ಎಂದು ಕೇಳಿದರು. ನಾನು ನೆಲ ನೋಡಿದೆ. "ಆರು ಗಾಡ್ಯಾಗ ಇದರ ಮ್ಯಾಲೇ ಕೈ ಇಟ್ಟವರು ಇವರೇ," ಎಂದಳು ಭುವನೇಶ್ವರಿ. ಸುಳ್ಳೇನಲ್ಲ. ಅಯಸ್ಕಾಂತ ಇನ್ನೂ ಅದರೊಳಗೇ ಇತ್ತು.

ಮರುದಿನ ಮೊದಲ ಸವಾರಿ. ಎಂಟುನೂರು ರೊಟ್ಟಿಯ ಬುಟ್ಟಿಗಳು ಹಿಂದೆ, ಭುವನೇಶ್ವರಿ ಸ್ಟೇರಿಂಗಿನ ಮುಂದೆ, ನಾನು ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದ ಸೀಟಿನಲ್ಲಿ. ಆಟೋದವನು ಎಂದೂ ಮುಟ್ಟದ ಹೊತ್ತಿಗೆ ನಾವು ಫ್ಯಾಕ್ಟರಿಯ ಗೇಟಿನಲ್ಲಿದ್ದೆವು. ಕಾವಲುಗಾರ ಧಮ್ಮಪಾಲ ಎಂಬುವನು ದೊಡ್ಡ ರಿಜಿಸ್ಟರ್ ತೆಗೆದು, ಗಾಡಿ ನಂಬರು ಬರೆದು, ಕೇಳಿದ, "ಡ್ರೈವರ್ ಹೆಸರು?"

"ಭುವನೇಶ್ವರಿ."

ಅವನು ಬರೆದುಕೊಂಡು ನನ್ನ ಕಡೆ ಪೆನ್ನು ತೋರಿಸಿದ. "ಇವರು ಕ್ಲೀನರ್ ಏನ್ರಿ?"

ನನಗೆ ಇರಿದಂತಾಯಿತು. ಕೆಳಗಿಳಿದು, ಅಂಗಿಯ ಮಡಿಕೆ ನೇವರಿಸಿಕೊಂಡು, "ನಾ ಕ್ಲೀನರ್ ಅಲ್ಲ. ಡ್ರೈವರ್ ಮೇಡಂ ಅವರ ಯಜಮಾನ. ಹಂಗೇ ಬರೀರಿ," ಎಂದೆ.

ಧಮ್ಮಪಾಲ ರಿಜಿಸ್ಟರನ್ನು ನನ್ನತ್ತ ತಿರುಗಿಸಿ ಬಹಳ ವಿನಯದಿಂದ ಹೇಳಿದ, "ಯಜಮಾನಗ ಕಾಲಂ ಇಲ್ರಿ ಸರ. ಡ್ರೈವರ್ ಆತು. ಉಳಿದದ್ದು ಎರಡೇ, ಕ್ಲೀನರ್ ಮತ್ತ ಮಾಲು. ನಿಮ್ಮನ್ನ ಯಾವುದರಾಗ ಬರೀಲಿ?"

ನಾನು ಭುವನೇಶ್ವರಿಯ ಕಡೆ ನೋಡಿದೆ. ಅವಳು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದಳು.

ಕ್ಲೀನರ್ ಎಂದೇ ಬರೆಸಿದೆ. ಮಾಲಾದರೆ ಅಲ್ಲಿಯೇ ಇಳಿಸಿ ಹೋಗುತ್ತಾಳೆ.